ಅಷ್ಟು ರಕ್ತ ಇರೋ ಸಿನಿಮಾ ಮತ್ತೆ ಮತ್ತೆ ಯಾಕೆ?

'ದಿ ವೈಲ್ಡ್ ಬಂಚ್' ಇಲ್ಲಿ ಶಿಕಾಗೋದ ಯಾವ ಥಿಯೇಟರಿಗೆ ಬಂದರೂ ನಾನು ಟಿಕೆಟ್ ತೆಗೆದುಬಿಡುತ್ತೇನೆ. ಶಿವಮೊಗ್ಗದಿಂದ ಅಕ್ಕ ಪ್ರತಿ ಸಲ ಕೇಳುವುದು ಒಂದೇ. "ಅಷ್ಟು ರಕ್ತ ಹರಿಯೋದನ್ನ ಎಷ್ಟು ಸಲ ನೋಡ್ತೀಯೋ? ಅದೂ ಫೋನಲ್ಲೇ ಸಿಗೋವಾಗ?" ಸ್ನೇಹಿತರೂ ಇದನ್ನೇ ಕೇಳುತ್ತಾರೆ. ಕಳೆದ ವಾರ ನಾಲ್ಕನೇ ಸಲ ನೋಡಿ ಬಂದೆ. ಉತ್ತರ ಬರೆದೇ ಬಿಡುತ್ತೇನೆ.

ನಾನು ಹೋಗುವುದು ಅದರಲ್ಲಿರುವ ಮಕ್ಕಳನ್ನು ನೋಡಲು.

ಸ್ಯಾಮ್ ಪೆಕಿನ್‌ಪಾ 1969ರಲ್ಲಿ ಮಾಡಿದ ಸಿನಿಮಾ ಇದು. ಕತೆ 1913ರದ್ದು, ಟೆಕ್ಸಸ್–ಮೆಕ್ಸಿಕೋ ಗಡಿಯಲ್ಲಿ ಕಾಲ ಮುಗಿಯುತ್ತ ಬಂದ ದರೋಡೆಕೋರರದ್ದು. ಶುರುವಿನಲ್ಲೇ ಮಕ್ಕಳು ಚೇಳುಗಳನ್ನು ಇರುವೆಗಳ ರಾಶಿಗೆ ಬಿಟ್ಟು, ಕಡ್ಡಿಯಲ್ಲಿ ತಿವಿದು ನಗುತ್ತಿರುತ್ತಾರೆ. ಆಮೇಲೆ ಒಣಹುಲ್ಲು ಮುಚ್ಚಿ ಬೆಂಕಿ ಇಡುತ್ತಾರೆ. ಫೋನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಪರದೆಯ ಮೇಲೆ ಚೇಳಿನ ಕೊಂಡಿ ಎಮ್ಮೆಯ ಕೋಡಿನಷ್ಟು, ಆ ನಗು ಗೋಡೆಯಷ್ಟು.

ನಂತರ ದರೋಡೆ. ಕುಡಿತದ ವಿರುದ್ಧ ಬ್ಯಾಂಡ್ ಬಾರಿಸಿಕೊಂಡು ಬಂದ ಮೆರವಣಿಗೆ ಎರಡೂ ಕಡೆಯ ಗುಂಡಿಗೆ ಸಿಕ್ಕಿಕೊಳ್ಳುತ್ತದೆ. ಹಲವು ಕ್ಯಾಮೆರಾಗಳಲ್ಲಿ ಬೇರೆ ಬೇರೆ ವೇಗದಲ್ಲಿ ತೆಗೆದ ಶಾಟುಗಳನ್ನು ಹೆಣೆದಿದ್ದಾರೆ. ಮಾಳಿಗೆಯಿಂದ ಬೀಳುವವನು ಬೀಳುತ್ತಲೇ ಇರುತ್ತಾನೆ, ಅಷ್ಟರಲ್ಲಿ ಕುದುರೆಯೊಂದು ಅಂಗಡಿಯ ಗಾಜು ಒಡೆದಿರುತ್ತದೆ. ಮೊದಲ ಸಲ ನಾನು ಅದನ್ನೇ ಬಾಯಿ ಬಿಟ್ಟುಕೊಂಡು ನೋಡಿದ್ದೆ. ಬೀದಿ ನಡುವೆ ಒಬ್ಬ ಹುಡುಗ, ಒಬ್ಬ ಹುಡುಗಿ ತಬ್ಬಿಕೊಂಡು ನಿಂತಿರುವುದು ನನಗೆ ಕಂಡದ್ದು ಥಿಯೇಟರಿನಲ್ಲೇ. ಗುಂಡು ನಿಂತ ಮೇಲೆ ಉಳಿದ ಮಕ್ಕಳು ಹೆಣಗಳ ಮಧ್ಯೆ ಓಡಾಡಿಕೊಂಡು ಬಾಯಲ್ಲೇ ಢಂ ಢಂ ಅನ್ನುತ್ತಾರೆ. ಕೊನೆಯ ಕಾಳಗದಲ್ಲಿ ನಾಯಕ ಪೈಕ್‌ನನ್ನು ಮುಗಿಸುವವನೂ ಸೈನಿಕರ ಬಟ್ಟೆ ತೊಟ್ಟ ಒಬ್ಬ ಚಿಕ್ಕ ಹುಡುಗ.

ಬಿಡುಗಡೆಯಾದ ಮೇಲೆ ಸ್ಟುಡಿಯೋದವರು ಸುಮಾರು 10 ನಿಮಿಷ ಕತ್ತರಿಸಿದ್ದರು. ತಮಾಷೆಯೆಂದರೆ ರಕ್ತ ಹಾಗೇ ಉಳಿಯಿತು, ಫ್ಲಾಷ್‌ಬ್ಯಾಕುಗಳು ಹೋದವು. ಈಗ ಪರದೆಗೆ ಬರುವುದು 1995ರಲ್ಲಿ ಮತ್ತೆ ಬಿಡುಗಡೆಯಾದ 145 ನಿಮಿಷದ್ದು. ಹೆಂಗಸರನ್ನು ತೋರಿಸಿದ ರೀತಿ ಮಾತ್ರ ನಾಲ್ಕನೇ ಸಲವೂ ಗಂಟಲಲ್ಲಿ ಇಳಿಯಲಿಲ್ಲ.

ಇಷ್ಟನ್ನೂ ಅಕ್ಕನಿಗೆ ಫೋನಲ್ಲಿ ಹೇಳಿದೆ. ರಾಮನಗರದ ಬಂಡೆಗಳಲ್ಲಿ ತೆಗೆದ 'ಶೋಲೆ' ನೋಡಿ ಬಂದ ದಿನದಿಂದ ನಮ್ಮ ಅಂಗಳದಲ್ಲೂ ಅದೇ ಢಂ ಢಂ ಇತ್ತಲ್ಲ, ನೀನೇ ಗಬ್ಬರ್, ದಿನಾ ಸಾಯುವ ಪಾಳಿ ನನ್ನದು ಅಂತಲೂ ನೆನಪಿಸಿದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೌದು ಮಾರಾಯ," ಅಂದಳು, "ಬೀಳೋಕೆ ಎಷ್ಟು ಹೊತ್ತು ತಗೋತಿದ್ದೆ ನೀನು!"