ಕೆಂಪು ಆಯಿಲ್ ಲೈಟ್ ಹೊತ್ತಿದರೆ ಮೊದಲು ಪ್ರೆಶರ್ ಗೇಜ್ ಹಾಕಿಸಿ

ಹೋದ ತಿಂಗಳು ಒಂದು ಸಂಜೆ. ಆಗಲೇ ಒಂದು ಗಂಟೆ ಗಾಡಿ ಓಡಿಸಿದ್ದೆ, ಇಂಜಿನ್ ಚೆನ್ನಾಗಿ ಕಾದಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಕ್ಯಾನ್ ಚಿತ್ರದ ಕೆಂಪು ಲೈಟ್ ಒಂದು ಸಲ ಮಿಣುಕಿತು. ಸಿಗ್ನಲ್ ಬಿಟ್ಟ ಮೇಲೆ ಆಕ್ಸಿಲರೇಟರ್ ಒತ್ತಿದ್ದೇ ತಡ, ಆರಿತು. ಮುಂದಿನ ಸಿಗ್ನಲ್‌ನಲ್ಲಿ ಮತ್ತೆ ಹೊತ್ತಿಕೊಂಡಿತು, ಈ ಸಲ ಆರಲಿಲ್ಲ. ಅಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ.

ಜೊತೆಗಿದ್ದ ಭಾವ, "ಆಯಿಲ್ ಸ್ವಲ್ಪ ಕಮ್ಮಿ ಆಗಿರಬೇಕು, ನಿಧಾನಕ್ಕೆ ಮನೆ ತನಕ ಹೋಗಿಬಿಡೋಣ" ಅಂದರು. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಲೈಟ್ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ. ಅದಕ್ಕೆ ಕೆಲವು ಗಾಡಿಗಳಲ್ಲಿ ಬೇರೆಯದೇ ಹಳದಿ ಲೈಟ್ ಇರುತ್ತದೆ. ಕೆಂಪು ಲೈಟ್ ಹೇಳುವುದು ಪ್ರೆಶರ್ ಬಗ್ಗೆ, ಅಂದರೆ ಪಂಪ್ ತಳ್ಳಿದ ಆಯಿಲ್ ಇಂಜಿನ್ ಒಳಗೆ ಎಷ್ಟು ಒತ್ತಡದಲ್ಲಿದೆ ಅನ್ನೋದರ ಬಗ್ಗೆ. ಇಂಜಿನ್ ಬ್ಲಾಕ್‌ಗೆ ಒಂದು ಪುಟ್ಟ ಸ್ವಿಚ್ ತಿರುಗಿಸಿ ಕೂರಿಸಿರುತ್ತಾರೆ, ಒಳಗೆ ತೆಳು ಪೊರೆ, ಅದರ ಹಿಂದೆ ಸ್ಪ್ರಿಂಗ್. ಪ್ರೆಶರ್ (ಅದನ್ನು ಅಳೆಯುವುದು ಬಾರ್ ಲೆಕ್ಕದಲ್ಲಿ) ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗೆ ಇಳಿದರೆ ಸ್ಪ್ರಿಂಗ್ ಗೆಲ್ಲುತ್ತದೆ, ಸರ್ಕ್ಯೂಟ್ ಕೂಡಿಕೊಂಡು ಲೈಟ್ ಹೊತ್ತುತ್ತದೆ. ಆರೋಗ್ಯವಾಗಿರುವ ಇಂಜಿನ್ ಬಿಸಿಯಾದ ಮೇಲೂ 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2000 ಸುತ್ತು) ಸಾಮಾನ್ಯವಾಗಿ 2ರಿಂದ 4 ಬಾರ್ ತೋರಿಸುತ್ತದೆ. ಅಂದರೆ ಲೈಟ್ ಹೊತ್ತುವ ಹೊತ್ತಿಗೆ ಪ್ರೆಶರ್ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತದೆ. ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ತನ್ನನ್ನು ಹಿಡಿದಿರುವ ಬೇರಿಂಗ್‌ಗೆ ಮುಟ್ಟದೆ ತೇಲುತ್ತಾ ತಿರುಗುವುದು ಆಯಿಲ್ ಪದರದ ಮೇಲೆ. ಆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಆಮೇಲೆ ಇಂಜಿನ್ ಉಳಿಯುವುದು ಬಹಳ ಕಷ್ಟ. ಹಾಗಾಗಿ ಭಾವನಿಗೆ ಬೇಡ ಅಂದೆ, ಟೋ ಮಾಡಿಸಿದೆ.

ಟೋ ಗಾಡಿ ಬರುವ ತನಕ ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿ) ನೋಡಿದೆ. ಇಂಜಿನ್ ಆಫ್ ಮಾಡಿದ ತಕ್ಷಣ ನೋಡಿದರೆ ಲೆಕ್ಕ ತಪ್ಪುತ್ತದೆ, ಮೇಲೆ ಇರುವ ಆಯಿಲ್ ಕೆಳಗೆ ಇಳಿಯೋದಕ್ಕೆ ಹತ್ತು ನಿಮಿಷ ಬಿಡಬೇಕು, ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಬೇಕು. ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದೆ. ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಹತ್ತಿರವೇ ಇತ್ತು. ಒಂದು ಹನಿ ಬೆರಳಿಗೆ ತೆಗೆದುಕೊಂಡು ಉಜ್ಜಿದೆ, ಮೂಸಿದೆ. ಪೆಟ್ರೋಲ್ ವಾಸನೆ ಇಲ್ಲ, ನೀರು ಸೇರಿದ ಹಾಲಿನ ಬಣ್ಣವೂ ಇಲ್ಲ. ಕಪ್ಪಗಿತ್ತು ಅಷ್ಟೇ. ಆಯಿಲ್‌ಗೆ ಪೆಟ್ರೋಲ್ ಬೆರೆತು ತೆಳುವಾದರೂ ಪ್ರೆಶರ್ ಬೀಳುತ್ತದೆ, ಅದಕ್ಕೇ ಮೂಸಿ ನೋಡಬೇಕು.

ಇನ್ನೊಂದು ವಿಷಯ, ಲೈಟ್ ಯಾವಾಗ ಹೊತ್ತುತ್ತದೆ ಅನ್ನೋದನ್ನು ನೆನಪಿಟ್ಟುಕೊಳ್ಳಿ. ತಿರುವಿನಲ್ಲಿ ಅಥವಾ ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಮಿಣುಕಿದರೆ ಆಯಿಲ್ ಕಮ್ಮಿ ಇರುವ ಸಾಧ್ಯತೆ ಜಾಸ್ತಿ, ಸಂಪ್‌ನಲ್ಲಿರುವ (ಇಂಜಿನ್ ತಳದ ಆಯಿಲ್ ತಟ್ಟೆ) ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಬಿಸಿ ಇಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡುತ್ತಾ) ನಿಂತಾಗ ಮಾತ್ರ ಹೊತ್ತಿದರೆ ಕಥೆ ಬೇರೆ. ನನ್ನದು ಎರಡನೆಯದು.

ಗ್ಯಾರೇಜಿನಲ್ಲಿ ಡಿಪ್‌ಸ್ಟಿಕ್ ನೋಡಿದವರೇ "ಸ್ವಿಚ್ ಹೋಗಿದೆ ಸರ್, ಮಾಮೂಲಿ" ಅಂದರು. ಸ್ವಿಚ್ ಕೆಡುವುದು ನಿಜಕ್ಕೂ ಮಾಮೂಲಿಯೇ. ಪೊರೆ ಹರಿದು ಆಯಿಲ್ ಕನೆಕ್ಟರ್ ಒಳಗೆ ಬರುತ್ತದೆ, ಪಿನ್ ಬಿಚ್ಚಿದರೆ ಕೈಗೆ ಜಿಡ್ಡು ಹತ್ತುತ್ತದೆ. ಆದರೆ ನನ್ನ ಗಾಡಿಯ ಕನೆಕ್ಟರ್ ಒಣಗಿತ್ತು. ಹಳೇ ಮಾದರಿಯ ಒಂದೇ ವೈರ್ ಸ್ವಿಚ್ ಆದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ವೈರ್ ಕಳಚಿ. ಲೈಟ್ ಆರಿದರೆ ವೈರ್ ಸರಿ ಇದೆ. ಆರದಿದ್ದರೆ ವೈರ್ ಎಲ್ಲೋ ಸವೆದು ಬಾಡಿಗೆ ತಾಗುತ್ತಿದೆ. ಕೆಲವು ಹೊಸ ಗಾಡಿಗಳಲ್ಲಿ ಮೂರು ವೈರಿನ ಸೆನ್ಸರ್ ಇರುತ್ತದೆ, ಅಲ್ಲಿ ಇದು ನಡೆಯುವುದಿಲ್ಲ. ನನ್ನ ಗಾಡಿಯಲ್ಲಿ ವೈರ್ ಸರಿಯಾಗಿಯೇ ಇತ್ತು. ಹೊಸ ಸ್ವಿಚ್ ಹಾಕಿದರು, ನಾಲ್ಕು ದಿನ ಲೈಟ್ ಬರಲಿಲ್ಲ. ಐದನೇ ದಿನ ಬಂತು.

ಆಗ ಗಟ್ಟಿ ಆಯಿಲ್ ಹಾಕಿಸೋಣ ಅನ್ನೋ ಮಾತು ಬಂತು. ಅದಕ್ಕೆ ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಗಟ್ಟಿ ಆಯಿಲ್ ಸುಲಭವಾಗಿ ಹರಿಯುವುದಿಲ್ಲ, ಹಾಗಾಗಿ ಪ್ರೆಶರ್ ಜಾಸ್ತಿ ತೋರಿಸುತ್ತದೆ. ಆದರೆ ಬೇರಿಂಗ್‌ಗೆ ತಲುಪುವ ಆಯಿಲ್ ಜಾಸ್ತಿ ಆಗುವುದಿಲ್ಲ. ಲೈಟ್ ಆರುತ್ತದೆ, ತೊಂದರೆ ಒಳಗೇ ಬೆಳೆಯುತ್ತಿರುತ್ತದೆ.

ಎರಡನೇ ಗ್ಯಾರೇಜಿನಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದರು. ಅವರು ಡಬ್ಬಿಯಿಂದ ಪ್ರೆಶರ್ ಅಳೆಯುವ ಒಂದು ಮೆಕ್ಯಾನಿಕಲ್ ಗೇಜ್ ತೆಗೆದರು. ದುಂಡು ಮುಖ, ಮುಳ್ಳು, ಒಂದು ಗಟ್ಟಿ ಹೋಸ್. ಸ್ವಿಚ್ ಬಿಚ್ಚಿ ಅದೇ ತೂತಿಗೆ ಗೇಜ್ ತಿರುಗಿಸಿದರು. ಇಷ್ಟೇ ಕೆಲಸ, ಇಪ್ಪತ್ತು ನಿಮಿಷ ಕೂಡ ಬೇಕಾಗಲಿಲ್ಲ. ಇದನ್ನು ಮೊದಲ ದಿನವೇ ಮಾಡಿಸಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮುಳ್ಳು ಒಂದೇ ಸಲಕ್ಕೆ ಏರಲಿಲ್ಲ. ಮೂರು ಸೆಕೆಂಡ್ ತಡೆದು ಆಮೇಲೆ 3.5 ಬಾರ್‌ಗೆ ಹೋಯಿತು. "ಈ ತಡ ನೋಡಿದ್ರಾ" ಅಂದರು. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗುವ ತನಕ ಕಾದೆವು. ಮುಳ್ಳು ನಿಧಾನವಾಗಿ ಇಳಿಯುತ್ತಾ ಐಡಲ್‌ನಲ್ಲಿ 0.4ಕ್ಕೆ ಬಂದು ನಿಂತಿತು. 2000 ಆರ್‌ಪಿಎಂಗೆ ಏರಿಸಿದರೆ 1.4. ಇನ್ನೂ ಏರಿಸಿದರೆ ಮುಳ್ಳು ಮೇಲೆ ಹೋಗುವ ಬದಲು ನಡುಗಿ ಕೆಳಗೆ ಬಂತು. ಅವರು ಆಕ್ಸಿಲರೇಟರ್ ಬಿಟ್ಟು, "ಬೇರಿಂಗ್ ಸವೆದಿದ್ದರೆ ಆರ್‌ಪಿಎಂ ಏರಿಸಿದ ಹಾಗೆ ಪ್ರೆಶರ್ ಏರಬೇಕು. ಇದು ಏರುತ್ತಿಲ್ಲ, ಪಂಪ್‌ಗೆ ಕುಡಿಯೋದಕ್ಕೇ ಸಿಗ್ತಿಲ್ಲ" ಅಂದರು.

ಸಂಪ್ ಇಳಿಸಿದರು. ಪಂಪ್ ಆಯಿಲ್ ಎಳೆಯುವ ಪೈಪಿನ ತುದಿಯಲ್ಲಿ ಜಾಲರಿ ಇರುತ್ತದಲ್ವಾ, ಅದರ ಮುಕ್ಕಾಲು ಭಾಗ ಕಪ್ಪು ಜಿಡ್ಡಿನಿಂದ ಮುಚ್ಚಿತ್ತು. ಉಗುರಿನಿಂದ ಕೆರೆದರೆ ಮೇಣದ ಹಾಗೆ ಬಂತು. ಆ ಜಿಡ್ಡಿನ ನಡುವೆ ರಬ್ಬರ್‌ನಂಥ ಉದ್ದ ಎಳೆಗಳು. ಸೀಲಂಟ್, ಆಯಿಲ್ ಸೋರದ ಹಾಗೆ ಸಂದಿಗೆ ಬಳಿಯುವ ಅಂಟು! ಹಿಂದೆ ಯಾವಾಗಲೋ ಸಂಪ್ ಕೂರಿಸುವಾಗ ಸೀಲಂಟ್ ಜಾಸ್ತಿ ಬಳಿದಿದ್ದರು, ಬೋಲ್ಟ್ ಬಿಗಿಯಾದಾಗ ಒಳಗೆ ಹಿಂಡಿಕೊಂಡದ್ದು ಕಾಲಕ್ರಮದಲ್ಲಿ ಕಿತ್ತು ಜಾಲರಿಗೆ ಸಿಕ್ಕಿಕೊಂಡಿದೆ. ಆಯಿಲ್ ಒಳಗೇ ತಿರುಗುವ ಟೈಮಿಂಗ್ ಬೆಲ್ಟ್ ಇರುವ ಇಂಜಿನ್‌ಗಳಲ್ಲಿ ಬೆಲ್ಟ್ ಸವೆದು ಬಿದ್ದ ಚೂರುಗಳೂ ಇದೇ ಜಾಗಕ್ಕೆ ಬಂದು ಸೇರುತ್ತವೆ. ಅಂಥ ಗಾಡಿ ಇದ್ದವರು ಇದನ್ನು ಖಂಡಿತ ನೆನಪಿಡಿ.

ಬಸಿದ ಆಯಿಲನ್ನು ಬಿಳಿ ತಟ್ಟೆಗೆ ಸ್ವಲ್ಪ ಹಾಕಿ ಬಿಸಿಲಿಗೆ ಹಿಡಿದು ನೋಡಿದರು. ಲೋಹದ ಹೊಳಪು ಇರಲಿಲ್ಲ. ಆ ಹೊಳಪು ಕಂಡಿದ್ದರೆ ಬೇರಿಂಗ್ ಬಿಚ್ಚಲೇಬೇಕಿತ್ತು. ಅಲ್ಲಿಯ ತನಕ ನನಗೆ ಎದೆ ಡವಡವ ಅಂತಲೇ ಇತ್ತು, ಆಮೇಲೆ ಉಸಿರು ಬಂತು.

ಜಾಲರಿ ತೊಳೆದು, ಪೈಪಿನ ಓ-ರಿಂಗ್ ಹೊಸದು ಹಾಕಿ (ಅದು ಸಂದಿ ಮುಚ್ಚುವ ರಬ್ಬರ್ ಉಂಗುರ, ಗಟ್ಟಿಯಾದರೆ ಅಲ್ಲಿಂದಲೂ ಗಾಳಿ ಎಳೆಯುತ್ತದೆ), ಫಿಲ್ಟರ್ ಬದಲಿಸಿ, ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡ್‌ನ ಆಯಿಲನ್ನೇ ತುಂಬಿಸಿದರು. ಅದೇ ಗೇಜ್ ಮತ್ತೆ ಹಾಕಿದೆವು. ಬಿಸಿ ಐಡಲ್‌ನಲ್ಲಿ 1.1 ಬಾರ್, 2000 ಆರ್‌ಪಿಎಂನಲ್ಲಿ 2.7. ಇನ್ನೂ ಏರಿಸಿದರೂ ಮುಳ್ಳು ನಡುಗಲಿಲ್ಲ.

ಈಗ ದಿನಾ ಬೆಳಿಗ್ಗೆ ಒಂದು ಕೆಲಸ ಮಾಡುತ್ತೇನೆ. ಕೀ ತಿರುಗಿಸಿ ಒಂದು ಕ್ಷಣ ನಿಲ್ಲುತ್ತೇನೆ, ಸ್ಟಾರ್ಟ್ ಮಾಡುವ ಮೊದಲು ಕೆಂಪು ಲೈಟ್ ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬೋ ವೈರೋ ಹೋಗಿದೆ ಅಂತ ಅರ್ಥ, ಆಗ ಪ್ರೆಶರ್ ಬಿದ್ದರೂ ನಮಗೆ ಗೊತ್ತಾಗುವುದಿಲ್ಲ. ಆಮೇಲೆ ಸ್ಟಾರ್ಟ್ ಮಾಡಿ ಮನಸ್ಸಿನಲ್ಲೇ ಎಣಿಸುತ್ತೇನೆ. ಜಾಲರಿ ಕಟ್ಟಿದ್ದಾಗ ಮೂರು ಎಣಿಸಿದರೂ ಲೈಟ್ ಇರುತ್ತಿತ್ತು, ಸುಮ್ನೆ ಚಳಿಗೆ ಅಂದುಕೊಂಡು ಬಿಟ್ಟಿದ್ದೆ. ಈಗ ಎರಡು ಅನ್ನುವ ಮೊದಲೇ ಆರಿರುತ್ತದೆ.