11 ಕೆವಿ ಪ್ಯಾನೆಲ್‌ಗೆ ಕೈ ಹಾಕುವ ಮೊದಲು

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಇರಲಿ, ಮಡಿಕೇರಿ ಸುತ್ತಲಿನ ದೊಡ್ಡ ರೆಸಾರ್ಟ್ ಇರಲಿ, ಎಚ್‌ಟಿ (ಹೈ ಟೆನ್ಷನ್, ಇಲ್ಲಿ 11 ಕೆವಿ ಅಂದರೆ 11,000 ವೋಲ್ಟ್) ಸಂಪರ್ಕ ಇರುವ ಕಡೆ ಜೋಡಣೆ ಹೆಚ್ಚುಕಮ್ಮಿ ಒಂದೇ. ಎರಡು ಕಂಬಗಳ ಡಿಪಿ ಸ್ಟ್ರಕ್ಚರ್ ಮೇಲೆ ಜಿಒಎಸ್ (ಮೂರೂ ಫೇಸ್ ಒಟ್ಟಿಗೆ ಬಿಡಿಸುವ ಸ್ವಿಚ್), ಅಲ್ಲಿಂದ ಇಳಿಯುವ ಕೇಬಲ್, ಸೀಲ್ ಹಾಕಿದ ಮೀಟರಿಂಗ್ ಕ್ಯುಬಿಕಲ್, ಆಮೇಲೆ ವಿಸಿಬಿ (ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್) ಪ್ಯಾನೆಲ್, ಕೊನೆಗೆ ಟ್ರಾನ್ಸ್‌ಫಾರ್ಮರ್. ಈ ಸಾಲಿನಲ್ಲಿ ವಿಸಿಬಿ ಆಫ್ ಮಾಡಿದರೆ ಸಪ್ಲೈ ನಿಲ್ಲುವುದು ಟ್ರಾನ್ಸ್‌ಫಾರ್ಮರ್ ಕಡೆಯದು ಮಾತ್ರ. ಬ್ರೇಕರ್ ಟ್ರಾಲಿಯನ್ನೇ ಹೊರಗೆ ಎಳೆದಿಟ್ಟರೂ ಒಳಗೆ ಶಟರ್ ಹಿಂದಿನ ಇನ್‌ಕಮಿಂಗ್ ಸ್ಪೌಟ್‌ನಲ್ಲಿ (ಬ್ರೇಕರ್ ಚುಚ್ಚಿಕೊಳ್ಳುವ ಸಂಪರ್ಕದ ಗೂಡು) 11 ಕೆವಿ ಹಾಗೇ ಕೂತಿರುತ್ತದೆ. ಹಸಿರು ದೀಪ ಉರಿಯುತ್ತಿದೆ, ಟ್ರಾಲಿ ಹೊರಗಿದೆ, ಇನ್ನೇನು ಎಂದು ಶಟರ್ ಎತ್ತಿ ಬಟ್ಟೆಯಿಂದ ಒರೆಸಲು ಹೋದವರು ಸುಟ್ಟುಕೊಳ್ಳುವುದು ಇಲ್ಲೇ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು ಕೆಲಸ ಇರುವುದು ಯಾವ ಕಡೆ ಎಂದು. ಟ್ರಾನ್ಸ್‌ಫಾರ್ಮರ್ ಕಡೆಯಾದರೆ ನಮ್ಮ ವಿಸಿಬಿ ಸಾಕು. ಸ್ಪೌಟ್, ಇನ್‌ಕಮಿಂಗ್ ಕೇಬಲ್ ಬಾಕ್ಸ್, ಮೀಟರಿಂಗ್ ಕ್ಯುಬಿಕಲ್ ಇವುಗಳಲ್ಲಿ ಯಾವುದೇ ಆದರೂ ಸೆಸ್ಕ್ (ಇಲ್ಲಿನ ವಿದ್ಯುತ್ ಸರಬರಾಜು ಕಂಪನಿ) ಸೆಕ್ಷನ್ ಆಫೀಸಿನಿಂದ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೊಡುವ ಲಿಖಿತ ಅನುಮತಿ) ಇಲ್ಲದೆ ಬೋಲ್ಟ್ ಕೂಡ ಸಡಿಲಿಸಬಾರದು. ಕೆಲಸ ಮಾಡುವವರ ಹೆಸರನ್ನು ಮಾಲೀಕರು ಲಿಖಿತವಾಗಿ ಗೊತ್ತುಪಡಿಸಿರಬೇಕು ಎನ್ನುವುದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳಲ್ಲೇ ಇದೆ. ವೈರ್‌ಮನ್ ಪರ್ಮಿಟ್ ಜೇಬಿನಲ್ಲಿದ್ದ ಮಾತ್ರಕ್ಕೆ ಆ ಪ್ಯಾನೆಲ್ ಮುಟ್ಟುವ ಅಧಿಕಾರ ಬರುವುದಿಲ್ಲ.

ಆಫ್ ಮಾಡುವ ಕ್ರಮ ಕೆಳಗಿನಿಂದ ಮೇಲಕ್ಕೆ. ಲೋಡ್‌ಗಳನ್ನೆಲ್ಲ ಇಳಿಸಿ, ಎಲ್‌ಟಿ (ಕಡಿಮೆ ವೋಲ್ಟೇಜ್) ಕಡೆಯ ಬ್ರೇಕರ್ ಆದ ಎಸಿಬಿ ತೆಗೆದು, ಆಮೇಲೆ ವಿಸಿಬಿ ಟ್ರಿಪ್. ಟ್ರಾಲಿ ಎಳೆಯುವಾಗ ಪ್ಯಾನೆಲ್ ಬಾಗಿಲು ಮುಚ್ಚಿರಲಿ, ನಿಲ್ಲುವುದು ಒಂದು ಪಕ್ಕಕ್ಕೆ. ಹ್ಯಾಂಡಲ್ ತಿರುಗದಿದ್ದರೆ ಬಲ ಹಾಕಬೇಡಿ. ಬ್ರೇಕರ್ ಇನ್ನೂ ಆನ್ ಇದ್ದರೆ ಇಂಟರ್‌ಲಾಕ್ ತಡೆಯುತ್ತದೆ, ಅದು ನಿಮ್ಮ ಜೀವ ಉಳಿಸುತ್ತಿರುವ ಹೊತ್ತು. ಟೆಸ್ಟ್ ಪೊಸಿಷನ್‌ಗೆ (ಮುಖ್ಯ ಸಂಪರ್ಕ ಕಳಚಿ ಟ್ರಾಲಿ ಪ್ಯಾನೆಲ್‌ನೊಳಗೇ ಇರುವ ಸ್ಥಾನ) ಬಂದ ಮೇಲೆ ಸ್ಪ್ರಿಂಗ್ ಚಾರ್ಜಿಂಗ್ ಮೋಟಾರಿನ ಎಂಸಿಬಿ ಆಫ್ ಮಾಡಿ, ಬ್ರೇಕರನ್ನು ಒಮ್ಮೆ ಕ್ಲೋಸ್, ಒಮ್ಮೆ ಟ್ರಿಪ್ ಮಾಡಿ ಸ್ಪ್ರಿಂಗ್ ಖಾಲಿ ಮಾಡಿ. ಚಾರ್ಜ್ ಆದ ಸ್ಪ್ರಿಂಗ್‌ಗೆ ಕರೆಂಟೇ ಬೇಡ, ಗ್ರೀಸ್ ಹಚ್ಚಲು ಒಳಗೆ ಹೋದ ಬೆರಳು ಮುರಿಯಲು ಅದರ ಬಲ ಸಾಕು. ಟ್ರಾಲಿ ಹೊರಬಂದ ಮೇಲೆ ಶಟರ್‌ಗೆ ಬೀಗ, ಬೀಗದ ಕೈ ಕೆಲಸ ಮಾಡುವವರ ಜೇಬಿನಲ್ಲಿ. ಸಾಮಾನ್ಯವಾಗಿ ಬಸ್‌ಬಾರ್ ಕಡೆ ಶಟರ್ ಕೆಂಪು, ಸರ್ಕ್ಯೂಟ್ ಕಡೆಯದು ಹಳದಿ. ಆದರೆ ಮರುಬಣ್ಣ ಬಳಿದ ಹಳೆಯ ಪ್ಯಾನೆಲ್‌ನಲ್ಲಿ ಬಣ್ಣ ನಂಬಬೇಡಿ.

ಎಲ್‌ಸಿ ವಿಷಯದಲ್ಲಿ ಸಲಿಗೆ ಬೇಡವೇ ಬೇಡ. "ಅಣ್ಣಾ, ಜಿಒಎಸ್ ತೆಗ್ದಾಯ್ತಾ?" "ಹ್ಞೂಂ, ತೆಗ್ದಾಯ್ತು, ಮಾಡ್ಕೊಳಿ." ಇದು ಎಲ್‌ಸಿ ಅಲ್ಲ, ಫೋನ್ ಮಾತು. ಫೀಡರ್ ಹೆಸರು, ಯಾವ ಜಿಒಎಸ್, ಎಲ್‌ಸಿ ನಂಬರ್, ಸಮಯ, ಕೊಟ್ಟವರ ಮತ್ತು ಪಡೆದವರ ಹೆಸರು ಇಷ್ಟೂ ಪುಸ್ತಕದಲ್ಲಿ ಇಳಿಯಬೇಕು. "ನಾಲ್ಕು ಗಂಟೆಗೆ ಚಾರ್ಜ್ ಮಾಡ್ಬಿಡಿ" ಎಂದು ಮೊದಲೇ ಗಂಟೆ ಗೊತ್ತುಮಾಡಿಕೊಳ್ಳುವುದಂತೂ ಕೂಡದು. ಎಲ್‌ಸಿ ಪಡೆದವರೇ ಹಿಂತಿರುಗಿಸಬೇಕು. ಜಿಒಎಸ್ ತೆಗೆದ ಮೇಲೆ ಕಂಬದ ಕೆಳಗೆ ನಿಂತು ಮೂರೂ ಬ್ಲೇಡ್ ಕಣ್ಣಿಂದ ನೋಡಿ. ತುಕ್ಕು ಹಿಡಿದ ಜೋಡಣೆಯಲ್ಲಿ ಹ್ಯಾಂಡಲ್ ಪೂರ್ತಿ ಇಳಿದರೂ ಒಂದು ಬ್ಲೇಡ್ ಕಚ್ಚಿಕೊಂಡು ಉಳಿಯುವುದುಂಟು. ಭಾಗಮಂಡಲದ ಕಡೆ ಜುಲೈ ತಿಂಗಳ ಮಂಜಿನಲ್ಲಿ ಕಂಬದ ತುದಿಯೇ ಕಾಣುವುದಿಲ್ಲ. ಕಾಣುವವರೆಗೆ ಕಾಯಿರಿ.

ಆಮೇಲೆ ಚಾರ್ಜ್ ಇಲ್ಲವೆಂದು ಸಾಬೀತು ಮಾಡುವುದು. ಎಚ್‌ಟಿ ಡಿಟೆಕ್ಟರನ್ನು ಮೊದಲು ಚಾರ್ಜ್ ಇರುವ ಜಾಗದಲ್ಲಿ ಅಥವಾ ಪರೀಕ್ಷಾ ವೋಲ್ಟೇಜ್ ಕೊಡುವ ಪ್ರೂವಿಂಗ್ ಯೂನಿಟ್‌ನಲ್ಲಿ ಹಿಡಿದು ಅದು ಕೂಗುತ್ತದೆಯೇ ನೋಡಿ. ನಂತರ ಮೂರೂ ಫೇಸ್ ಪರೀಕ್ಷಿಸಿ. ಮುಗಿದ ಮೇಲೆ ಮತ್ತೆ ಮೊದಲಿನ ಜಾಗದಲ್ಲಿ ಹಿಡಿದು ನೋಡಿ. ಈ ಮೂರನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ನಡುವೆ ಬ್ಯಾಟರಿ ಕೈಕೊಟ್ಟಿದ್ದರೆ ಡಿಟೆಕ್ಟರ್ ಸುಮ್ಮನಿದ್ದದ್ದಕ್ಕೆ ಅರ್ಥವೇ ಇಲ್ಲ. ಪ್ಯಾನೆಲ್ ಮುಂದಿನ ಮಿಣುಕು ದೀಪ ಆರಿದ್ದನ್ನು ಪುರಾವೆ ಎಂದುಕೊಳ್ಳಬೇಡಿ, ದೀಪವೂ ಕೆಡುತ್ತದೆ. ಕೈಗವಸು 11 ಕೆವಿಗೆ ಕ್ಲಾಸ್ 2, ಅಂದರೆ 17 ಕೆವಿವರೆಗಿನದು, ಹಳದಿ ಲೇಬಲ್. ಹಾಕುವ ಮೊದಲು ಬಾಯಿ ಕಡೆಯಿಂದ ಸುರುಳಿ ಸುತ್ತಿ ಗಾಳಿ ಒಳಗೆ ಸಿಕ್ಕಿಸಿ, ಬೆರಳುಗಳು ಉಬ್ಬಿದಾಗ ಕೆನ್ನೆಯ ಹತ್ತಿರ ಹಿಡಿದು ಒತ್ತಿ. ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ಗಾಳಿ ತಾಗುತ್ತದೆ. ಕಾಲಡಿಯ ಮ್ಯಾಟ್ ಐಎಸ್ 15652ರ ಕ್ಲಾಸ್ ಬಿ, 2.5 ಮಿಲಿಮೀಟರ್ ದಪ್ಪದ್ದು. ಮ್ಯಾಟ್ ಒದ್ದೆಯಾಗಿದ್ದರೆ ಅದು ಇದ್ದೂ ಇಲ್ಲದಂತೆ.

ಅರ್ಥಿಂಗ್ ರಾಡ್ ಹಾಕುವಾಗ ಮೊದಲು ಭೂಮಿಯ ಕಡೆ ಕ್ಲಾಂಪ್, ಆಮೇಲೆ ಫೇಸ್. ತೆಗೆಯುವಾಗ ಮೊದಲು ಫೇಸ್, ಕೊನೆಗೆ ಭೂಮಿ. ಉಲ್ಟಾ ಮಾಡಿದರೆ ಲೈನಿನ ಚಾರ್ಜ್ ನಿಮ್ಮ ಕೈಯಲ್ಲಿರುವ ತಂತಿಗೇ ಬರುತ್ತದೆ. ಬ್ರೇಕರ್ ಮೂಲಕ ಅರ್ಥ್ ಮಾಡುವ ಪ್ಯಾನೆಲ್ ಆದರೆ ಕ್ಲೋಸ್ ಮಾಡಿದ ಮೇಲೆ ಟ್ರಿಪ್ ಬಟನ್‌ಗೂ ಬೀಗ ಹಾಕಿ ಟ್ರಿಪ್ ಸಪ್ಲೈ ತೆಗೆಯಿರಿ. ಇಲ್ಲದಿದ್ದರೆ ಯಾವುದೋ ರಿಲೇ ಆಡಿ ನಿಮ್ಮ ಅರ್ಥ್ ಕಳಚಿಕೊಳ್ಳುತ್ತದೆ.

ನಾವು ಸೆಸ್ಕ್ ಕಡೆಯಿಂದ ಬರುವ ಕರೆಂಟಿನ ಬಗ್ಗೆಯೇ ಯೋಚಿಸುತ್ತೇವೆ. ಕೊಡಗಿನಲ್ಲಿ ಅದಕ್ಕಿಂತ ಕಳ್ಳದಾರಿ ಎಂದರೆ ಜನರೇಟರ್. ಜೋರು ಗಾಳಿಮಳೆಗೆ ಸಿಲ್ವರ್ ಓಕ್ ಲೈನ್ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ತೋಟದ ಮನೆಗಳಲ್ಲಿ ಒಂದೊಂದು ಜನರೇಟರ್ ಶುರುವಾಗುತ್ತದೆ. ಲೈನ್, ಜನರೇಟರ್ ಎರಡರಲ್ಲಿ ಒಂದನ್ನೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಪ್ಲಗ್ ಪಾಯಿಂಟ್‌ಗೆ ಚುಚ್ಚಿ ನಡೆಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. 11 ಕೆವಿ/433 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಎಲ್‌ಟಿ ಕಡೆ ಫೇಸ್‌ನಿಂದ ನ್ಯೂಟ್ರಲ್‌ಗೆ 250 ವೋಲ್ಟ್. 11,000ವನ್ನು 250ರಿಂದ ಭಾಗಿಸಿದರೆ 44. ಆ ಪುಟ್ಟ ಜನರೇಟರಿನ 230 ವೋಲ್ಟ್ ಹಿಂದಕ್ಕೆ ಹೋದರೆ ಎಚ್‌ಟಿ ಕಡೆ ಎರಡು ತಂತಿಗಳ ನಡುವೆ 10,120 ವೋಲ್ಟ್. ಊರಿನ ಲೋಡೆಲ್ಲ ಎದುರಾದರೆ ಜನರೇಟರ್ ಉಸಿರುಗಟ್ಟಿ ನಿಲ್ಲುತ್ತದೆ ನಿಜ. ಆದರೆ ತಂತಿ ತುಂಡಾಗಿ ಆ ಟ್ರಾನ್ಸ್‌ಫಾರ್ಮರ್ ಒಂಟಿಯಾಗಿ ಉಳಿದಿದ್ದರೆ ನಿಲ್ಲುವುದಿಲ್ಲ. ತುಂಡಾದ ಆ ತಂತಿಯನ್ನೇ ಅಲ್ಲವೇ ಲೈನ್‌ಮನ್ ಕೈಯಲ್ಲಿ ಹಿಡಿಯುವುದು? ಅದಕ್ಕೇ ಅರ್ಥಿಂಗ್ ಕೆಲಸದ ಜಾಗದ ಎರಡೂ ಕಡೆ ಇರಬೇಕು. ನಿಮ್ಮದೇ ಡಿಜಿ (ಡೀಸೆಲ್ ಜನರೇಟರ್) ಚೇಂಜ್‌ಓವರ್‌ಗೂ ಎಸಿಬಿಯ ಜೊತೆಗೇ ಬೀಗ ಬೀಳಬೇಕು.

ಇನ್ನು ತೇವ. ನಮ್ಮಲ್ಲಿ ಪ್ಯಾನೆಲ್ ಹಾಳಾಗುವುದು ಲೋಡ್‌ನಿಂದಲ್ಲ, ತೇವದಿಂದ. ಸ್ಪೌಟ್ ಮೇಲೆ ತೇವ ಮತ್ತು ಧೂಳು ಕೂತು ಸಣ್ಣಗೆ ಡಿಸ್ಚಾರ್ಜ್ ಶುರುವಾದರೆ ಓಝೋನ್ ಹುಟ್ಟುತ್ತದೆ. ಡಿಸ್ಚಾರ್ಜ್‌ನಲ್ಲಿ ಗಾಳಿಯ ಸಾರಜನಕವೂ ಉರಿದು, ನೀರಿನಂಶದ ಜೊತೆ ಸೇರಿ ನೈಟ್ರಿಕ್ ಆಮ್ಲವಾಗಿ ತಾಮ್ರವನ್ನು ತಿನ್ನುತ್ತದೆ. ಎಪಾಕ್ಸಿ ಮೇಲೆ ಬಿಳಿ ಪುಡಿ, ತಾಮ್ರದ ಅಂಚಿನಲ್ಲಿ ಹಸಿರು ಹೊಪ್ಪಳೆ, ಬಾಗಿಲ ಸಂದಿಯಲ್ಲಿ ಚುರುಕು ವಾಸನೆ, ರಾತ್ರಿ ನಿಶ್ಶಬ್ದದಲ್ಲಿ ಸಣ್ಣ ಸುಯ್ ಸದ್ದು: ಇವುಗಳಲ್ಲಿ ಒಂದು ಕಂಡರೂ ಬಾಗಿಲು ತೆರೆಯದೆ, ಹತ್ತಿರ ನಿಲ್ಲದೆ ದೂರದಿಂದ ಸಪ್ಲೈ ತೆಗೆಸಿ. ಕೇಬಲ್ ಟ್ರೆಂಚ್‌ನಿಂದ ಬರುವ ಹಬೆಗೆ, ಹಾವು ಇಲಿಗೆ ದಾರಿ ಕೇಬಲ್ ಒಳಬರುವ ಗ್ಲ್ಯಾಂಡ್ ಪ್ಲೇಟಿನ ತೂತುಗಳೇ. ಒಂದನ್ನೂ ಬಿಡದೆ ಮುಚ್ಚಿ.

ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕೆಲಸ ಕಡಿಮೆ ಇರುವುದು ಮಳೆಗಾಲದಲ್ಲಿ, ಅದಕ್ಕೇ ಆಗಲೇ ಪ್ಯಾನೆಲ್ ಬಿಚ್ಚುವ ರೂಢಿ. ನನ್ನ ಮಟ್ಟಿಗೆ ಇದು ತಪ್ಪು. ಸ್ಪೌಟ್, ಇನ್ಸುಲೇಟರ್‌ಗಳನ್ನು ಹೊರಗಿನ ಗಾಳಿಗೆ ತೆರೆಯಲು ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಒಳ್ಳೆಯದು. ಹೊಸ ಬೆಳೆ ಬರುವ ಮುಂಚೆ ಮುಗಿಯುತ್ತದೆ, ಹವೆಯೂ ಮಳೆಗಾಲಕ್ಕಿಂತ ಒಣಗಿರುತ್ತದೆ. ಆಯುಧಪೂಜೆಗೆ ಪ್ಯಾನೆಲ್‌ಗೆ ಬಾಳೆಕಂದು ಕಟ್ಟಿ ನೀರು ಚಿಮುಕಿಸುವವರಿಗೆ ಒಂದು ಮಾತು: ಪೂಜೆ ಎಚ್‌ಟಿ ರೂಮಿನ ಹೊಸ್ತಿಲ ಹೊರಗೆ ಆಗಲಿ.

ಮಳೆಯಲ್ಲಿ ಎರಡು ಮೂರು ದಿನ ಸಪ್ಲೈ ಹೋಗಿ ಬಂದಾಗ ಒಡನೆ ವಿಸಿಬಿ ಆನ್ ಮಾಡಬೇಡಿ. ಪ್ಯಾನೆಲ್ ಒಳಗೆ ತೇವ ತಡೆಯುವ ಸ್ಪೇಸ್ ಹೀಟರ್ ಅಷ್ಟು ದಿನ ತಣ್ಣಗಿತ್ತು, ಒಳಗೆ ಹನಿ ಕಟ್ಟಿರುತ್ತದೆ. ಹೀಟರಿನ ಸರ್ಕ್ಯೂಟನ್ನು ಡಿಜಿ ಸಪ್ಲೈ ಕಡೆಗೆ ಹಾಕಿಸಿಟ್ಟರೆ ಈ ತೊಂದರೆಯೇ ಇಲ್ಲ. ಹಾಕಿಸಿಲ್ಲವಾದರೆ ಡಿಜಿಯಿಂದ ಹೀಟರಿಗೆ ತಾತ್ಕಾಲಿಕವಾಗಿ ಕೆಲವು ಗಂಟೆ ಸಪ್ಲೈ ಕೊಟ್ಟು, ಮೇಲಿನ ಕ್ರಮದಲ್ಲೇ ಐಸೊಲೇಟ್ ಮಾಡಿ, ಟ್ರಾನ್ಸ್‌ಫಾರ್ಮರ್ ಕಡೆಯನ್ನು 5 ಕೆವಿ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ರೋಧ ಅಳೆಯುವ ಉಪಕರಣ) ನೋಡಿ. ಒಣಹವೆಯಲ್ಲಿ ಬರೆದಿಟ್ಟ ಅಂಕಿಯ ಜೊತೆ ಹೋಲಿಸಿ, ತೀರಾ ಕುಸಿದಿದ್ದರೆ ಮತ್ತೆ ಒಣಗಿಸಿ. ಮೆಗ್ಗರ್ ಹಾಕಿದ ಕೇಬಲನ್ನು ಪರೀಕ್ಷೆಯ ಅವಧಿಯ ನಾಲ್ಕು ಪಟ್ಟು ಹೊತ್ತು ಅರ್ಥ್‌ಗೆ ಹಿಡಿದಿಟ್ಟು, ಆಮೇಲಷ್ಟೇ ಮುಟ್ಟಿ.