ವಾರಕ್ಕೊಮ್ಮೆ ಬಂದು ಹೋಗುವ ನರ್ಸ್‌ನಿಂದ ಏನು ಪ್ರಯೋಜನ?

"ಸಿಸ್ಟರ್, ನೀವು ವಾರಕ್ಕೊಂದು ಸಲ ಬರ್ತೀರ, ಮುಕ್ಕಾಲು ಗಂಟೆ ಇರ್ತೀರ. ಮಿಕ್ಕಿದ್ದೆಲ್ಲ ಮಾಡೋರು ನಾವೇ. ಹಾಗಾದ್ರೆ ನೀವು ಬರೋದ್ರಿಂದ ಏನು ಪ್ರಯೋಜನ?"

ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುವ ನರ್ಸ್ ನಾನು. ಈ ಪ್ರಶ್ನೆ ಕೇಳದ ಮನೆ ಕಡಿಮೆ. ಕೆಲವರು ದಣಿದು ಕೇಳುತ್ತಾರೆ, ಕೆಲವರು ಲೆಕ್ಕ ಹಾಕಿ ಕೇಳುತ್ತಾರೆ. ಲೆಕ್ಕವೇನೋ ಸರಿ. ವಾರಕ್ಕೆ 168 ಗಂಟೆ, ಅದರಲ್ಲಿ ನನ್ನದು ಒಂದು ಗಂಟೆಯೂ ಇಲ್ಲ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಗಂಜಿ ಹಾಕುವುದು, ನಡುರಾತ್ರಿ ಎದ್ದು ಡೈಪರ್ ಬದಲಿಸುವುದು, ಇದೆಲ್ಲ ಸೊಸೆಯೋ ಮಗಳೋ ಹೆಂಡತಿಯೋ ಮಾಡುವ ಕೆಲಸ. ಗಂಡುಮಕ್ಕಳು ಅಚ್ಚುಕಟ್ಟಾಗಿ ನೋಡಿಕೊಳ್ಳುವ ಮನೆಗಳೂ ಇವೆ, ಆದರೆ ಬೆರಳೆಣಿಕೆಯಷ್ಟು.

ನನ್ನ ಉತ್ತರ ಇಷ್ಟು: ನಾನು ಬರುವುದು ರೋಗಿಯನ್ನು ನೋಡುವುದಕ್ಕೆ ಎಷ್ಟೋ, ಆ ರೋಗಿಯನ್ನು ನೋಡಿಕೊಳ್ಳುವವರನ್ನು ನೋಡುವುದಕ್ಕೂ ಅಷ್ಟೇ. ಅವರು ಕುಸಿದು ಕೂತರೆ ಮಂಚದ ಮೇಲಿರುವವರಿಗೆ ಬೇರೆ ದಿಕ್ಕಿಲ್ಲ. ಮನೆ ಆರೈಕೆಯ ಬಗ್ಗೆ ನಡೆದ ಸಂಶೋಧನೆಗಳನ್ನು ಓದುತ್ತ ಹೋದ ಹಾಗೆ ಈ ಮಾತು ನನಗೆ ಇನ್ನಷ್ಟು ಗಟ್ಟಿಯಾಯಿತು.

ಸ್ಟೀವನ್ ಜಾರಿಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು 1980ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮರೆವಿನ ಕಾಯಿಲೆಯಾದ ಡಿಮೆನ್ಷಿಯಾ ಬಂದ 29 ಹಿರಿಯರು, ಅವರನ್ನು ನೋಡಿಕೊಳ್ಳುತ್ತಿದ್ದ 29 ಜನ. ಕಾಯಿಲೆ ಎಷ್ಟು ಜೋರೋ ನೋಡಿಕೊಳ್ಳುವವರ ಹೊರೆಯೂ ಅಷ್ಟೇ ಜೋರು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅಲ್ಲಿ ಹಾಗೆ ಕಾಣಲಿಲ್ಲ. ಹೊರೆ ಹೊಂದಿಕೊಂಡಿದ್ದು ಬೇರೊಂದು ಸಂಗತಿಗೆ: ಉಳಿದ ನೆಂಟರು ಆ ಮನೆಗೆ ಎಷ್ಟು ಸಲ ಬಂದು ಹೋಗುತ್ತಾರೆ ಎನ್ನುವುದಕ್ಕೆ. ಬಂದು ಹೋಗುವವರು ಹೆಚ್ಚಿದ್ದ ಕಡೆ ಹೊರೆ ಕಡಿಮೆ. ಅಧ್ಯಯನ ಚಿಕ್ಕದು. ರೋಗಿಯ ಸಿಟ್ಟು, ಕೂಗಾಟ, ರಾತ್ರಿಯ ಅಲೆದಾಟಗಳೂ ಮನೆಯವರನ್ನು ಹಣ್ಣು ಮಾಡುತ್ತವೆ ಎಂದು ಮುಂದಿನ ಅಧ್ಯಯನಗಳು ತೋರಿಸಿವೆ. ಆದರೂ ನೆಂಟರ ಓಡಾಟದ ಆ ಒಂದು ಮಾತನ್ನು ನಾನು ಹೋದ ಮನೆಗಳೆಲ್ಲ ನಿಜ ಮಾಡಿ ತೋರಿಸಿವೆ. ಭಾನುವಾರ ಮಧ್ಯಾಹ್ನ ನಾದಿನಿ ಬಂದು ಅಮ್ಮನ ಪಕ್ಕ ಕೂತರೆ, ಸೊಸೆಗೆ ಎರಡು ಗಂಟೆ ನಿದ್ದೆ. ಆ ನಿದ್ದೆ ಮುಂದಿನ ವಾರವಿಡೀ ಕೆಲಸಕ್ಕೆ ಬರುತ್ತದೆ. ಯಾರೂ ಬಾರದ ಮನೆಯಲ್ಲಿ ಏರ್ ಬೆಡ್, ವೀಲ್ ಚೇರ್, ಆಕ್ಸಿಜನ್ ಮಿಷನ್ ಎಲ್ಲ ಇದ್ದೂ ಹೆಂಗಸಿನ ಮುಖ ಬಾಡಿರುತ್ತದೆ. "ಅಣ್ಣ ತಿಂಗಳು ತಿಂಗಳು ದುಡ್ಡು ಕಳಿಸ್ತಾರೆ, ಸಿಸ್ಟರ್" ಎನ್ನುತ್ತಾರೆ. ದುಡ್ಡು ಬೇಕೇ ಬೇಕು, ಬೇಡ ಎನ್ನುವವಳಲ್ಲ ನಾನು. ಆದರೆ ಜಾರಿಟ್ ಅವರಿಗೆ ಸಿಕ್ಕ ಉತ್ತರದಲ್ಲಿ ಇದ್ದದ್ದು ಮನುಷ್ಯರ ಬರುಹೋಗು.

ನಮ್ಮ ಬೆಂಗಳೂರಿನ ಕೆಲಸವೂ ಇದರ ಜೊತೆಗೇ ನಡೆದಿದೆ ಎಂದರೆ ಹಲವರಿಗೆ ಅಚ್ಚರಿ. ನಿಮ್ಹಾನ್ಸ್‌ನ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ 1981ರಲ್ಲಿ ಮನೋರೋಗಿಗಳ ಕುಟುಂಬದ ಹೊರೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. 24 ಪ್ರಶ್ನೆ, ಆರು ಭಾಗ: ಹಣಕಾಸು, ದಿನಚರಿ, ಬಿಡುವು, ಮನೆಮಂದಿಯ ಪರಸ್ಪರ ಒಡನಾಟ, ಉಳಿದವರ ದೇಹಾರೋಗ್ಯ, ಉಳಿದವರ ಮನಸ್ಸು. ಕೊನೆಯಲ್ಲಿ, ಇವರ ಕಾಯಿಲೆಯಿಂದ ನೀವೆಷ್ಟು ನೊಂದಿದ್ದೀರಿ ಎಂದು ನೇರವಾಗಿ ಕೇಳುವ ಪ್ರಶ್ನೆ ಬೇರೆ. ದೇಶದ ಸಂಶೋಧಕರು ಇವತ್ತಿಗೂ ಅದನ್ನು ಬಳಸುತ್ತಾರೆ. ಅದೇ ಇಬ್ಬರು 1983ರಲ್ಲಿ ಇನ್ನೊಂದು ಅಧ್ಯಯನ ಹೊರತಂದರು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದ್ದವರಲ್ಲಿ ಒಂದು ಗುಂಪಿಗೆ ಆಸ್ಪತ್ರೆಯಲ್ಲಿ ದಾಖಲಾತಿ. ಇನ್ನೊಂದು ಗುಂಪು ಮನೆಯಲ್ಲೇ, ಆಗಾಗ ಬಂದು ನೋಡುವ ನರ್ಸ್‌ನ ಆಸರೆಯಲ್ಲಿ. ಮನೆಯಲ್ಲಿದ್ದವರ ಆರೋಗ್ಯ ಹೆಚ್ಚು ಸುಧಾರಿಸಿತು, ಕುಟುಂಬದ ಹೊರೆ ಹೆಚ್ಚು ಇಳಿಯಿತು, ಖರ್ಚೂ ಕಡಿಮೆಯಾಯಿತು. ಆ ಮನೆಗಳಿಗೆ ನರ್ಸ್ ಹೋಗುತ್ತಿದ್ದದ್ದೂ ನಾನು ಹೋಗುವ ಹಾಗೆಯೇ, ಬಂದು ಹೋಗುವ ಭೇಟಿಗಳು. ಇಪ್ಪತ್ತನಾಲ್ಕು ಗಂಟೆ ಅಲ್ಲೇ ಕೂತಿರಲಿಲ್ಲ.

ಪಕ್ಕದ ಗೋವಾದಲ್ಲಿ ಅಮಿತ್ ಡಯಾಸ್ ಅವರ ತಂಡ ಡಿಮೆನ್ಷಿಯಾ ಇರುವ 81 ಕುಟುಂಬಗಳ ಜೊತೆ ನಡೆಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. ಅಲ್ಲಿ ಮನೆಗೆ ಹೋದವರು ತಜ್ಞರೂ ಅಲ್ಲ, ತರಬೇತಿ ಪಡೆದ ಸ್ಥಳೀಯರು. ಕಾಯಿಲೆ ಏನು, ಏಕೆ ಹೀಗಾಡುತ್ತಾರೆ, ಹೇಗೆ ಸಂಭಾಳಿಸಬೇಕು ಎಂದು ಹೇಳಿಕೊಟ್ಟರು, ಸರ್ಕಾರಿ ಸವಲತ್ತುಗಳ ದಾರಿ ತೋರಿಸಿದರು, ಬೇಕಾದಾಗ ವೈದ್ಯರಿಗೆ ತಿಳಿಸಿದರು. ಆರು ತಿಂಗಳಲ್ಲಿ ರೋಗಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಮಾತ್ರ ಸ್ಪಷ್ಟವಾಗಿ ಸುಧಾರಿಸಿತ್ತು. "ಪ್ರಯೋಜನ ಏನು" ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಗೋವಾದ ವಿಷಯವನ್ನೇ.

ನ್ಯೂಯಾರ್ಕಿನ ಸಂಶೋಧಕಿ ಮೇರಿ ಮಿಟಲ್‌ಮನ್ ಅವರ ದೀರ್ಘ ಅಧ್ಯಯನವೂ ಇದೇ ದಿಕ್ಕಿನದು. ರೋಗಿಯ ಗಂಡ ಅಥವಾ ಹೆಂಡತಿಯ ಜೊತೆ ಎರಡು ಸಲ, ಇಡೀ ಕುಟುಂಬವನ್ನು ಕೂರಿಸಿಕೊಂಡು ನಾಲ್ಕು ಸಲ ಮಾತುಕತೆ, ಆಮೇಲೆ ಬೇಕೆಂದಾಗ ಫೋನ್. ಇಷ್ಟರಿಂದ ರೋಗಿಯನ್ನು ನರ್ಸಿಂಗ್ ಹೋಮ್‌ಗೆ (ಅಲ್ಲಿ ಅದು ಆಸ್ಪತ್ರೆಯಲ್ಲ, ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಮನೆ) ಸೇರಿಸುವ ದಿನ ಸರಾಸರಿ ಒಂದೂವರೆ ವರ್ಷ ಮುಂದೆ ಹೋಯಿತು ಎಂದು 2006ರ ವರದಿ ಹೇಳುತ್ತದೆ.

ಇನ್ನು ನಾನು ಆ ಮುಕ್ಕಾಲು ಗಂಟೆಯಲ್ಲಿ ಮಾಡುವುದೇನು? ಬಿಪಿ, ಶುಗರ್ ನೋಡುವುದು, ಮೂತ್ರ ಹೋಗಲು ಹಾಕಿದ ಕ್ಯಾಥೆಟರ್ ನಳಿಕೆ ಬದಲಿಸುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೆಚ್ಚು ಹೊತ್ತು ಹೋಗುವುದು ಕಲಿಸುವುದರಲ್ಲಿ. ಒಬ್ಬರೇ ರಟ್ಟೆ ಹಿಡಿದು ರೋಗಿಯನ್ನು ಎಳೆದರೆ ಎಳೆದವರ ಸೊಂಟ ಹೋಗುತ್ತದೆ, ರೋಗಿಯ ಚರ್ಮ ಕಿತ್ತು ಬರುತ್ತದೆ. ಹಳೆಯ ಬೆಡ್‌ಶೀಟನ್ನು ಮಡಿಸಿ ಭುಜದಿಂದ ತೊಡೆಯವರೆಗೆ ಕೆಳಗೆ ಹಾಸಿ, ಇಬ್ಬರು ಎರಡೂ ಬದಿಯಲ್ಲಿ ಹಿಡಿದು ಒಟ್ಟಿಗೆ ಸರಿಸಿದರೆ ಎಷ್ಟು ಸಲೀಸು ಎಂದು ಮಾಡಿ ತೋರಿಸುತ್ತೇನೆ, ಅವರ ಕೈಯಲ್ಲೂ ಮಾಡಿಸುತ್ತೇನೆ. ಟ್ಯೂಬಿನಲ್ಲಿ ಗಂಜಿ ಹಾಕುವಾಗ ತಲೆ ಕಡೆ ಎತ್ತರಿಸಿರಬೇಕು, ಹಾಕಿದ ಮೇಲೂ ಅರ್ಧ ಗಂಟೆಯಾದರೂ ಮಲಗಿಸಬಾರದು, ಇಲ್ಲದಿದ್ದರೆ ಆಹಾರ ಶ್ವಾಸಕೋಶಕ್ಕೆ ಹೋಗುವ ಅಪಾಯ. ಯೂರಿನ್ ಬ್ಯಾಗ್ ಯಾವಾಗಲೂ ಕಿಬ್ಬೊಟ್ಟೆಗಿಂತ ಕೆಳಗೆ. ಟೈಲ್‌ಬೋನ್, ಹಿಮ್ಮಡಿ, ಸೊಂಟದ ಮೂಳೆಯ ಜಾಗದಲ್ಲಿ ಚರ್ಮ ಕೆಂಪಾಗಿ, ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಬೆಡ್ ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಶುರುವಾಗಿದೆ ಎಂದರ್ಥ. ಮುಂದಿನ ವಾರದವರೆಗೆ ಕಾಯದೆ ಅವತ್ತೇ ಫೋನ್ ಮಾಡಬೇಕು.

ಆಮೇಲೆ ನೋಡಿಕೊಳ್ಳುವವರ ಕಡೆ ತಿರುಗುತ್ತೇನೆ. ನಿದ್ದೆ ಎಷ್ಟು ಹೊತ್ತು? ಊಟ ಎಷ್ಟು ಹೊತ್ತಿಗೆ? ನಿಮ್ಮ ಬಿಪಿ ಮಾತ್ರೆ ತಗೊಂಡ್ರಾ? ಅವರ ತೋಳಿಗೂ ಬಿಪಿ ಪಟ್ಟಿ ಕಟ್ಟುತ್ತೇನೆ. "ನಂಗೇನೂ ಆಗಿಲ್ಲ, ಅವರನ್ನ ನೋಡಿ" ಎಂದು ಕೈ ಎಳೆದುಕೊಳ್ಳುತ್ತಾರೆ, ನಾನು ಬಿಡುವುದಿಲ್ಲ. ಅಮೆರಿಕದ ಸಂಶೋಧಕರಾದ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ನೋಡಿಕೊಳ್ಳುತ್ತ ಅದರಿಂದ ಒತ್ತಡಕ್ಕೆ ಸಿಕ್ಕಿದ್ದ ವೃದ್ಧರು ನಾಲ್ಕು ವರ್ಷದೊಳಗೆ ಸಾಯುವ ಸಂಭವ, ಅಂಥ ಜವಾಬ್ದಾರಿ ಇಲ್ಲದವರಿಗಿಂತ 63% ಹೆಚ್ಚಿತ್ತು. ನೋಡಿಕೊಳ್ಳುತ್ತಿದ್ದರೂ ಒತ್ತಡವಿಲ್ಲದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಅಂದರೆ ಸೇವೆಯೇ ಅವರನ್ನು ಕೊಲ್ಲುತ್ತಿಲ್ಲ. ಒಬ್ಬರ ಹೆಗಲ ಮೇಲೆ ಎಲ್ಲವನ್ನೂ ಹೇರಿ ಉಳಿದವರು ಸರಿದುಕೊಳ್ಳುವುದು ಕೊಲ್ಲುತ್ತದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಭೇಟಿಯಿಂದ ಆಗದ್ದೂ ಇದೆ. ನೋವು ಹತೋಟಿಗೆ ಬಾರದ, ಹಗಲು ಮನೆಯಲ್ಲಿ ಯಾರೂ ಇರದ, ನೋಡಿಕೊಳ್ಳುವವರೇ ಎಪ್ಪತ್ತು ದಾಟಿರುವ ಕಡೆ ವಾರದ ಭೇಟಿ ಸಾಲದು. ಕೊನೆಯ ಹಂತದ ಕ್ಯಾನ್ಸರ್ ಇದ್ದರೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೇಳಿ. 1995ರಿಂದ ಮನೆ ಭೇಟಿ, 1999ರಿಂದ ಒಳರೋಗಿ ಆರೈಕೆ, ಎಲ್ಲ ಉಚಿತ. ಕೇರಳ 2008ರಲ್ಲೇ ಪ್ಯಾಲಿಯೇಟಿವ್ ಆರೈಕೆಗೆ, ಅಂದರೆ ಗುಣವಾಗದ ಕಾಯಿಲೆಯಲ್ಲಿ ನೋವು, ಸಂಕಟ ತಗ್ಗಿಸುವ ಆರೈಕೆಗೆ, ರಾಜ್ಯ ನೀತಿ ಮಾಡಿ, ಪಂಚಾಯಿತಿ ಮಟ್ಟದಲ್ಲಿ ಮನೆಗೆ ಹೋಗುವ ನರ್ಸ್‌ಗಳನ್ನು ಇಟ್ಟುಕೊಂಡಿತು. ನಮ್ಮ ಹಳ್ಳಿಗಳಿಗೆ ಅದು ಯಾವತ್ತೋ ಬರಬೇಕಿತ್ತು.

ಕೊನೆಯದಾಗಿ, ದೂರದಲ್ಲಿದ್ದು ಫೋನಿನಲ್ಲಿ ಈ ಪ್ರಶ್ನೆ ಕೇಳುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ. ರಜೆಗೆ ಬಂದಾಗ ನರ್ಸ್ ಬರುವ ದಿನ ಮನೆಯಲ್ಲಿರಿ. ಬೆಡ್‌ಶೀಟ್ ಹಿಡಿದು ಸರಿಸುವುದನ್ನು, ಟ್ಯೂಬಿನಲ್ಲಿ ಗಂಜಿ ಹಾಕುವುದನ್ನು ಕಲಿಯಿರಿ, ಡೈಪರ್ ಬದಲಿಸುವುದನ್ನೂ. ಊರಲ್ಲಿರುವಷ್ಟು ದಿನ ರಾತ್ರಿ ಪಾಳಿ ನಿಮ್ಮದಾಗಲಿ, ಅತ್ತಿಗೆಯನ್ನು ಬೇರೆ ಕೋಣೆಯಲ್ಲಿ ಮಲಗಲು ಹೇಳಿ. ವಾಪಸ್ ಹೊರಡುವ ಮುಂಚೆ, ಹತ್ತಿರದ ನೆಂಟರಲ್ಲಿ ಯಾರು ಯಾವ ವಾರ ಬರುತ್ತಾರೆ ಎಂದು ಮಾತಾಡಿ, ಹೆಸರು ಬರೆದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹೋಗಿ.